ನಾಲಿಗೆ ತೆಗೆದ ಗಂಟೆ

ಮೊದಲೇ ಕ್ಷಮೆ ಕೇಳುತ್ತೇನೆ. ಕಥೆ ಹೇಳಿ ನನಗೆ ಅಭ್ಯಾಸವಿಲ್ಲ. ಎಲ್ಲಿ ಅರ್ಥವಾಗದೆ ಹೋದೀತೋ ಎಂಬ ಅಂಜಿಕೆಯಿಂದ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ.

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಹದಿನಾರು ತುಂಬಿದ ಮಕ್ಕಳು ಅಲ್ಲಿಂದ ಹೊಳೆ ದಾಟಿ ಹೋಗುತ್ತಿದ್ದರು. ಕೆಲವರು ದುಡಿಮೆಗೆ, ಕೆಲವರು ಮೇಲಿನ ಓದಿಗೆ. ಅವರನ್ನು ಸಿದ್ಧಮಾಡುವ ಹೊಣೆ ಹಿರಿಯ ಶಿಷ್ಯ ಶಂಭುದೇವನದು.

ಅಲ್ಲಿ ಎಲ್ಲಕ್ಕೂ ಗಂಟೆ. ಏಳುವುದಕ್ಕೆ, ಓದುವುದಕ್ಕೆ, ಒಲೆಯಿಂದ ಅನ್ನ ಇಳಿಸುವುದಕ್ಕೂ. ಬಾರಿಸುವವನು ಶಂಭುದೇವ. ಒಂದು ದಿನವೂ ತಪ್ಪಿಸಿದವನಲ್ಲ. (ಇದು ಮುಖ್ಯ, ನೆನಪಿಡಿ.)

ಒಂದು ಸಂಜೆ ದೋಣಿಯಿಂದ ಕೊಟ್ರಯ್ಯ ಇಳಿದ. ಬಟ್ಟೆಗೆ ಬಣ್ಣ ಹಾಕುವವರಲ್ಲಿ ಕೆಲಸ ಕಲಿಯಲು ಹೋದವನು. ಮೊಣಕೈವರೆಗೆ ನೀಲಿ. ಮುಖ ಬಾಡಿತ್ತು.

“ಏನಾಯ್ತೋ?” ಎಂದ ಶಂಭುದೇವ.

“ಬಣ್ಣ ಹಿಡಿದ ಕೂಡಲೇ ಬಾನಿಯಿಂದ ಸೀರೆ ಎತ್ತು ಅಂದಿದ್ರು ಅಣ್ಣ. ಬಾನಿ ಮುಂದೇನೇ ಕೂತಿದ್ದೆ.”

“ಮತ್ತೆ?”

“ಗಂಟೆ ಹೊಡೀಲೇ ಇಲ್ಲ.”

ತೆಳು ನೀಲಿ ಆಗಬೇಕಿದ್ದ ಸೀರೆಗಳೆಲ್ಲ ಕಪ್ಪಾಗಿದ್ದವು. ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಬಾ, ಅದೇ ಕೊನೆ ಎಂದು ಯಜಮಾನ ಕಳಿಸಿಬಿಟ್ಟಿದ್ದ. ಕೊಟ್ರಯ್ಯನಿಗೆ ಬೇರೆ ಕೆಲಸ ಬೇಕಿರಲಿಲ್ಲ. ಬಣ್ಣವೆಂದರೆ ಜೀವ.

“ಓದೋಕೆ ಹೋದ ನಮ್ಮ ಅಚ್ಯುತನದೂ ಇದೇ ಪಾಡು” ಎಂದ. “ವಿದ್ಯಾಪೀಠದಲ್ಲಿ ಯಾವ ಪುಸ್ತಕ ತೆಗೀಬೇಕು ಅಂತ ಯಾರೂ ಹೇಳಲ್ವಂತೆ. ಗ್ರಂಥಾಲಯದ ಬಾಗಿಲಲ್ಲೇ ನಿಂತಿರ್ತಾನೆ.”

ಶಂಭುದೇವ ಗುರುಗಳ ಬಳಿ ಓಡಿದ. “ಗುರುಗಳೇ, ಬಣ್ಣದ ಬಗ್ಗೆ ಒಂದು ಪಾಠ ಸೇರಿಸಲೇ? ಗ್ರಂಥಾಲಯದ ಬಗ್ಗೆ ಇನ್ನೊಂದು?”

ಗುರುಗಳು ಎದ್ದು ಹೋಗಿ ಗಂಟೆಯ ನಾಲಿಗೆ ಕಳಚಿ ಜೋಳಿಗೆಗೆ ಹಾಕಿಕೊಂಡರು. (ನಾಲಿಗೆ ಎಂದರೆ ಒಳಗೆ ತೂಗುವ ಕಬ್ಬಿಣದ ತುಂಡು. ಅದಿಲ್ಲದೆ ಗಂಟೆಗೆ ದನಿಯಿಲ್ಲ.)

ಮರುದಿನ ಅರ್ಧ ಆಶ್ರಮ ಬಿಸಿಲೇರುವವರೆಗೆ ಮಲಗಿತ್ತು. ಒಲೆಯ ಮುಂದೆ ಕೊಟ್ರಯ್ಯ.

“ಬೆಂದಿದೆಯಾ ಅಣ್ಣ?”

ಶಂಭುದೇವ ಬಾಯಿ ತೆರೆದ. ಗುರುಗಳು ತುಟಿಯ ಮೇಲೆ ಬೆರಳಿಟ್ಟರು.

ಅಂದು ಅನ್ನ ಅಕ್ಕಿಯಾಗಿಯೇ ಉಳಿಯಿತು. ಮಾರನೆಯ ದಿನ ತಳ ಹಿಡಿದು ಸೀದಿತು.

ಶಂಭುದೇವನಿಗೆ ಅಳುವೇ ಬಂತು. “ಗುರುಗಳೇ, ಮಳೆಗಾಲ ಮುಗೀತಾ ಬಂತು. ಈ ಸಲವೂ ತಪ್ಪಿದರೆ ಹುಡುಗನಿಗೆ ಆ ಬಾಗಿಲು ಮುಚ್ಚಿದ ಹಾಗೆ. ಗಂಟೆಯಾದರೂ ಇದ್ದಿದ್ದರೆ ಅನ್ನ ಸೀಯುತ್ತಿರಲಿಲ್ಲ.”

ಗುರುಗಳು ಎಲೆ ಹಾಸಿಕೊಂಡು ಆ ಅನ್ನವನ್ನೇ ಬಡಿಸಿಕೊಂಡರು.

“ಇಲ್ಲಿ ಸೀದದ್ದನ್ನು ನಾನು ಉಣ್ಣುತ್ತೇನೆ ಶಂಭು. ಅಲ್ಲಿ ಸೀದದ್ದನ್ನು ಯಾರು ಉಣ್ಣುತ್ತಾರೆ?”

ಕೊಟ್ರಯ್ಯ ಕೇಳಿಸಿಕೊಂಡ. ಮುಂದಿನ ದಿನಗಳಲ್ಲಿ ಅವನು ಯಾರ ಮುಖವನ್ನೂ ನೋಡಲಿಲ್ಲ. ಹಬೆಗೆ ಮೂಗೊಡ್ಡಿದ, ಅಗುಳು ಹಿಚುಕಿದ, ತಾನೇ ಇಳಿಸಿದ.

ಮಳೆ ನಿಂತಿತು. ದಂಡೆಯಲ್ಲಿ ಗಂಟು ಹೊತ್ತು ನಿಂತವನು ಹಳೆಯ ಅಭ್ಯಾಸದಿಂದ ಕೇಳಿದ, “ಗುರುಗಳೇ, ಹೊರಡಲೇ?”

“ಹೊಳೆ ಇಳಿದಿದೆಯಾ?”

“ಇಳಿದಿದೆ.”

“ದೋಣಿ ಬಂದಿದೆಯಾ?”

“ಬಂದಿದೆ.”

“ಮತ್ತೆ ನನ್ನನ್ನೇನು ಕೇಳುತ್ತೀ?”

ಇದರ ಅರ್ಥವನ್ನೂ ಹೇಳಿಬಿಡುತ್ತೇನೆ. ಗುರುಗಳಿಗೆ ಗಂಟೆಯ ಮೇಲೆ ಸಿಟ್ಟಿರಲಿಲ್ಲ. ಅವರು ಹೇಳಿದ್ದು ಏನೆಂದರೆ, ಶಾಲೆ ಬಿಡುವ ಮೊದಲೇ ಮಕ್ಕಳಿಗೆ

ಕ್ಷಮಿಸಿ, ಒಳಗಿನಿಂದ ಕೂಗುತ್ತಿದ್ದಾರೆ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ.