ಜೀಪಿನ ಕಲ್ಲು

ಹ್ಯಾಂಡ್‌ಬ್ರೇಕ್ ಹಿಡಿಯದ ಒಂದು ಹಳೇ ಜೀಪಿನಲ್ಲಿ ಡೇರೆ, ಪಾತ್ರೆ, ಅಕ್ಕಿ ತುಂಬಿಕೊಂಡು ನಾಲ್ವರು ಗೆಳೆಯರು ಬೆಟ್ಟ ಸುತ್ತಲು ಹೊರಟಿದ್ದರು. ಏರಿನಲ್ಲಿ ನಿಲ್ಲಿಸಿದಾಗಲೆಲ್ಲ ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಡುವರು. ಹೊರಡುವಾಗ ಅದನ್ನೇ ಎತ್ತಿ ಡೇರೆಯ ಪಕ್ಕ ಇಟ್ಟುಕೊಳ್ಳುವರು.

ಮೂರನೆಯ ದಿನ ಜೀಪು ಸಿಡುಕಿತು: "ಬೆಟ್ಟದ ತುಂಬ ಕಲ್ಲುಗಳಿವೆ. ನಿನ್ನನ್ನೇ ನಾನೇಕೆ ಹೊರಬೇಕು?"

"ನನಗೆ ನಡೆಯಲು ಬಾರದು, ನಿನಗೆ ನಿಲ್ಲಲು ಬಾರದು. ಅದಕ್ಕೆ," ಎಂದಿತು ಕಲ್ಲು.

"ನಿಲ್ಲಿಸಲು ಯಾವ ಕಲ್ಲಾದರೂ ಆದೀತು."



ಮರುದಿನ ಬೆಳಿಗ್ಗೆ ಡೇರೆ ಮಡಚುವ ಗಡಿಬಿಡಿಯಲ್ಲಿ ಗೆಳೆಯರು ಕಲ್ಲನ್ನು ಹುಲ್ಲಿನಲ್ಲೇ ಮರೆತು ಹೊರಟರು. ಮೊದಲ ಏರಿನಲ್ಲೇ ಜೀಪು ಕೆಮ್ಮಿ ನಿಂತಿತು. ಓಡಿಸುತ್ತಿದ್ದ ಬೆಳ್ಯಪ್ಪ ಬ್ರೇಕ್ ತುಳಿದು ಹಿಡಿದ. ಕಾಲು ತೆಗೆದರೆ ಹಿಂದೆ ಕಂದರ.

"ಲೋ ಸುವ್ರತ, ನಮ್ಮ ಕಲ್ಲೆಲ್ಲೋ?"

"ಅಯ್ಯೋ, ಅಲ್ಲೇ ಬಿಟ್ಟೆ ಕಣೋ!" ಎಂದವನೇ ಸುವ್ರತ ಬಂದ ದಾರಿಯಲ್ಲಿ ಓಡಿದ. ಉಳಿದಿಬ್ಬರು ಇಳಿದು ಜೀಪಿಗೆ ಹೆಗಲು ಕೊಟ್ಟರು. ರಸ್ತೆ ಬದಿಯಲ್ಲಿ ಕಲ್ಲಿನ ರಾಶಿಯೇ ಬಿದ್ದಿತ್ತು. ಒಬ್ಬರೂ ಅತ್ತ ನೋಡಲಿಲ್ಲ.

ಸುವ್ರತ ಏದುಸಿರು ಬಿಡುತ್ತ ಬಂದು ಕಲ್ಲನ್ನು ಚಕ್ರದ ಹಿಂದೆ ಇಟ್ಟ. ಜೀಪು ಮೆಲ್ಲಗೆ ಅದಕ್ಕೆ ಒರಗಿತು.

"ಬಂದೆಯಾ?"

"ಬಂದೆ. ಬೆಟ್ಟದ ತುಂಬ ಕಲ್ಲುಗಳಿವೆ ಎಂದಿದ್ದೆಯಲ್ಲ?"

"ಇವೆ," ಎಂದಿತು ಜೀಪು. "ಆದರೆ ನನ್ನ ಚಕ್ರದ ಗುರುತು ಇರುವುದು ನಿನ್ನೊಬ್ಬನ ಮೈಮೇಲೆ."