ಜೋಲು ಬಿಟ್ಟ ಹಾಳೆ

"ಗುರುಗಳೇ, ನಾನು ನಿಯಮಗಳನ್ನು ಬಿಗಿ ಮಾಡಿದ ಮೇಲೆ ಮಠದ ಕಿರಿಯರಲ್ಲಿ ಒಬ್ಬರೂ ತಪ್ಪು ಮಾಡಿಲ್ಲ. ಆದರೂ ನೀವು ಮೆಚ್ಚಲಿಲ್ಲವೇಕೆ?" ಎಂದು ಹಿರಿಯ ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವರ್ತಕನಿದ್ದ. ಊರಿನವರ ಬಿತ್ತನೆ ಬೀಜವೆಲ್ಲ ಅವನ ಉಗ್ರಾಣದಲ್ಲೇ ಇರುತ್ತಿತ್ತು. ಅವನು ಹೊಸ ಉಗ್ರಾಣ ಕಟ್ಟಿಸಿ, ಹೆಂಚು ಹೊದಿಸುವವನೊಬ್ಬನನ್ನು ಕರೆಸಿದ.

ಹೆಂಚಿಗೆ ಮೊದಲು ಆತ ಟಾರು ಹಾಳೆ ಹಾಸಿದ. ಸೂರಿನಿಂದ ಶುರುಮಾಡಿ, ಕೆಳಗಿನ ಹಾಳೆಯ ಮೇಲೆ ಮೇಲಿನದು ಗೇಣುದ್ದ ಬರುವಂತೆ ಏರುತ್ತ ಹೋದ. ಮಾಡಿನ ಇಳಿಜಾರಿಗೆ ಹಾಕಿದ ಮರದ ಪಕ್ಕಾಸುಗಳಲ್ಲಿ ಎರಡೆರಡರ ನಡುವೆ ಹಾಳೆಯನ್ನು ಎರಡು ಬೆರಳಷ್ಟು ಜೋಲು ಬಿಟ್ಟ. ಅದರ ಮೇಲೆ ಹೆಂಚು ಕೂರಿಸುವ ಅಡ್ಡ ರೀಪುಗಳನ್ನು ಹೊಡೆಯುವುದು ಬಾಕಿ ಇತ್ತು.

ವರ್ತಕ ಕೆಳಗೆ ನಿಂತು ತಲೆ ಎತ್ತಿದ.

"ಏನಯ್ಯಾ ಇದು, ಮುದಿ ಎತ್ತಿನ ಗಂಗೆದೊಗಲಿನ ಹಾಗೆ ಜೋತಾಡುತ್ತಿದೆ? ಬಂದವರು ನಗುವುದಿಲ್ಲವೇ? ಎಳೆದು ಬಿಗಿ."

"ನಗಲಿ ಯಜಮಾನರೇ. ಒಳಗೆ ನುಗ್ಗಿದ ನೀರು ರೀಪಿನ ಅಡಿಯಿಂದ ಹರಿದು ಹೊರಗೆ ಹೋಗಬೇಕು. ಅದಕ್ಕೇ ಈ ಜೋಲು."

"ನನ್ನ ಹೆಂಚಿನೊಳಗೆ ನೀರು ನುಗ್ಗುತ್ತದೆಯೇ? ಒಂದೊಂದನ್ನೂ ತಟ್ಟಿ ನೋಡಿ ತಂದಿದ್ದೇನೆ."

"ಹೆಂಚು ಗಟ್ಟಿಯೇ. ಆದರೆ ಗಾಳಿ ನಿಮ್ಮನ್ನು ಕೇಳಿ ಬೀಸುತ್ತದೆಯೇ?"

ವರ್ತಕನಿಗೆ ಸಿಟ್ಟು ಬಂತು. ಹೆಂಚಿನವನನ್ನು ಕಳಿಸಿಬಿಟ್ಟ. ತನ್ನ ಆಳುಗಳಿಂದ ಹಾಳೆಯನ್ನು ತಮಟೆಯಂತೆ ಬಿಗಿಸಿ, ರೀಪು ಹೊಡೆಸಿ, ಹೆಂಚು ಹೊದಿಸಿದ. ನೋಡಿದವರೆಲ್ಲ ಒಂದು ಸುಕ್ಕೂ ಇಲ್ಲವೆಂದು ಹೊಗಳಿದರು.

ಮಳೆ ಬಂತು. ಒಂದು ಹೆಂಚೂ ಒಡೆಯಲಿಲ್ಲ. ಗಾಳಿ ಮಾತ್ರ ಹೆಂಚಿನ ಸಂದಿಗಳಲ್ಲಿ ನೀರನ್ನು ತಳ್ಳಿತು. ಆ ನೀರು ಬಿಗಿದ ಹಾಳೆಯ ಮೇಲೆ ಇಳಿಯಿತು, ರೀಪಿಗೆ ತಡೆದು ನಿಂತಿತು. ಮುಂದೆ ದಾರಿ ಇರಲಿಲ್ಲ. ರೀಪಿನ ಮೊಳೆಗಳ ತೂತು ಹುಡುಕಿಕೊಂಡು ಹನಿಹನಿಯಾಗಿ ಮೂಟೆಗಳ ಮೇಲೆ ಇಳಿಯಿತು.

ಬಿತ್ತನೆಯ ದಿನ ಊರಿನವರು ಬಂದು ಮೂಟೆ ಬಿಚ್ಚಿದರು. ಬೀಜವೆಲ್ಲ ಒಳಗೇ ಮೊಳೆತು ಮುಗ್ಗಿತ್ತು. ಯಾರೂ ವರ್ತಕನನ್ನು ಬಯ್ಯಲಿಲ್ಲ. ಖಾಲಿ ಚೀಲ ಹಿಡಿದು ಹೊಲದ ಕಡೆ ನೋಡುತ್ತ ನಿಂತರು.

ವರ್ತಕ ಮತ್ತೆ ತಲೆ ಎತ್ತಿ ನೋಡಿದ. ಹಾಳೆಯಲ್ಲಿ ಈಗಲೂ ಒಂದು ಸುಕ್ಕೂ ಇರಲಿಲ್ಲ.

ಶಿಷ್ಯ ಹೇಳಿದ: "ಅವನು ಮೂರ್ಖ, ಗುರುಗಳೇ. ನೀರು ಒಳಗೆ ಬರುವುದೇ ಇಲ್ಲವೆಂದು ನಂಬಿದ."

ಗುರುಗಳು ಕೇಳಿದರು: "ನೀನು ಬಿಗಿ ಮಾಡಿದ ಮೇಲೆ, ತಪ್ಪಾಯಿತು ಎಂದು ನಿನ್ನ ಬಳಿ ಬಂದು ಹೇಳಿದವರು ಎಷ್ಟು ಮಂದಿ?"