ಕಡೆಯ ಸಾಲಿನ ಸೀಟು

ಅಂದೂ ವಿಮಾನ ಎಂದಿನಂತೆ ಹಾರಿತು. ಎಂದಿನಂತೆ ಊಟ ಬಂತು, ತಟ್ಟೆಗಳು ಹೋದವು. ಆಮೇಲೆ ಎಲ್ಲಕ್ಕಿಂತ ಮುಂದಿನ ಸೀಟು ಮೈಮುರಿದು ಹಿಂದಕ್ಕೆ ಒರಗಿತು. ಅದರ ಹಿಂದಿನದಕ್ಕೆ ಇಕ್ಕಟ್ಟಾಗಿ ಅದೂ ಒರಗಿತು. ಹೀಗೆ ಒಂದರ ಹಿಂದೆ ಒಂದು ಒರಗುತ್ತ ಸರದಿ ಕಡೆಯ ಸಾಲಿಗೆ ಮುಟ್ಟಿತು. ಕಡೆಯ ಸೀಟಿನ ಬೆನ್ನಿಗೆ ಗೋಡೆಯಿತ್ತು.

ಅದರಲ್ಲಿ ಕುಳಿತಿದ್ದವರು ನೀಲಮ್ಮ. ಅವರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿತ್ತು. ಆಗಾಗ ಎದ್ದು ಓಡಾಡದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟೀತು ಎಂದು ಡಾಕ್ಟರು ಎಚ್ಚರಿಸಿದ್ದರು. ಈಗ ಆ ಕಾಲು ಎರಡು ಸೀಟುಗಳ ನಡುವೆ ಸಿಕ್ಕಿಕೊಂಡಿತು.

“ತಮ್ಮಾ, ಸ್ವಲ್ಪ ನೆಟ್ಟಗಾಗು. ನನ್ನಲ್ಲಿ ಕೂತವರು ಏಳಬೇಕು,” ಎಂದಿತು ಕಡೆಯ ಸೀಟು.

“ನೀನೂ ಒರಗಿಕೋ ಅಕ್ಕಾ, ಬೇಡ ಅಂದವರು ಯಾರು?” ಎಂದಿತು ಮುಂದಿನ ಸೀಟು.

“ಎಲ್ಲಿಗೆ ಒರಗಲಿ? ಗೋಡೆಯೊಳಕ್ಕೋ?”

“ಹಾಗಾದರೆ ನನ್ನ ಮುಂದಿನವನಿಗೆ ಹೇಳು. ಅವನು ನೆಟ್ಟಗಾದರೆ ನಾನೂ ಆಗುತ್ತೇನೆ.”

ಅದರ ಮುಂದಿನದೂ ಇದನ್ನೇ ಹೇಳಿತು, ಅದಕ್ಕೂ ಮುಂದಿನದು ಇದನ್ನೇ. ಬೇಡಿಕೆ ಸಾಲು ಸಾಲು ದಾಟಿ ಮೊದಲ ಸೀಟನ್ನು ತಲುಪಿತು.

“ದೂರದ ಪ್ರಯಾಣವಪ್ಪಾ,” ಎಂದಿತು ಮೊದಲ ಸೀಟು, ಕಣ್ಣು ತೆರೆಯದೆ. “ಒರಗಲೆಂದೇ ನನ್ನನ್ನು ಮಾಡಿದ್ದಾರೆ. ಇಲ್ಲಿ ಯಾರಿಗೂ ತೊಂದರೆಯಾದದ್ದು ನನಗೆ ಕಾಣುತ್ತಿಲ್ಲ. ಹಿಂದಿನವರು ಸ್ವಲ್ಪ ಹೊಂದಿಕೊಳ್ಳಲಿ.”

ಉತ್ತರ ಅಷ್ಟೂ ಸಾಲು ದಾಟಿ ಹಿಂದಕ್ಕೆ ಬಂತು. ಕಡೆಯ ಸೀಟು ತನ್ನೆರಡು ಕೈಗಳನ್ನು ನೀಲಮ್ಮನವರಿಗೆ ಆಸರೆಗೆ ಕೊಟ್ಟಿತು. ಅವರು ಎರಡು ಸಲ ಏಳಲು ನೋಡಿದರು, ಮೂರನೆಯ ಸಲ ನೋಡಲಿಲ್ಲ. ವಿಮಾನ ಇಳಿದ ಮೇಲೆ ಅವರನ್ನು ಸ್ಟ್ರೆಚರಿನಲ್ಲಿ ಎತ್ತಿಕೊಂಡು ಹೋದರು.

ಮೊದಲ ಸೀಟಿನಲ್ಲಿ ಆ ದಿನ ಯಾರೂ ಕುಳಿತಿರಲಿಲ್ಲ.